ಮುಚ್ಚುವುದನ್ನು ಕಲಿಸಿದ ಜುಬೇದಾ ಆಪಾ

ಹೆಣವಾಗಿ ಮಲಗುವುದರಲ್ಲಿ ಜುಬೇದಾ ಆಪಾ ಅವರದು ಎತ್ತಿದ ಕೈ. ಕೊಟ್ಟೂರಿನ ಅವರ ಮನೆಯ ಪಡಸಾಲೆಯಲ್ಲಿ ಹಳೆಯ ಬಾಗಿಲೊಂದನ್ನು ಇಟ್ಟಿಗೆಗಳ ಮೇಲಿಟ್ಟು, ಅದರ ಮೇಲೆ ಕಣ್ಣು ಮುಚ್ಚಿ, ಕೈಕಾಲು ಸಡಿಲ ಬಿಟ್ಟು ಮಲಗಿಬಿಡುತ್ತಿದ್ದರು. ಸುತ್ತ ಖಾಲಿ ತಂಬಿಗೆ ಹಿಡಿದು ನಾವು ಹುಡುಗಿಯರು ನಿಲ್ಲುತ್ತಿದ್ದೆವು. ನಮ್ಮಲ್ಲಿ ಹೆಂಗಸು ತೀರಿಕೊಂಡರೆ ದಫನಿಗೆ ಮುಂಚೆ ಮೈ ತೊಳೆಯುವವರು ಹೆಂಗಸರೇ. ಆ ಕೆಲಸ ಬಲ್ಲವರು ಊರಲ್ಲಿ ಕಡಿಮೆಯಾಗುತ್ತಿದ್ದಾರೆಂದು ಆಪಾ ನಮಗೆ ಕುರಾನ್ ಓದಿಸುವುದರ ಜೊತೆಗೆ ಇದನ್ನೂ ಕಲಿಸಲು ಶುರು ಮಾಡಿದ್ದರು.

"ಬಲಗಡಿಯಿಂದ ಸುರು ಮಾಡ್ರಿ," ಎಂದು ಹೆಣವೇ ಅಪ್ಪಣೆ ಕೊಡುತ್ತಿತ್ತು. "ಲೇ ನಸೀಮಾ, ಪಾತ್ರಿ ತಿಕ್ಕಿದಂಗ ತಿಕ್ಕಬ್ಯಾಡ. ಸತ್ತಾಕಿಗೆ ನೋವಾಗಂಗಿಲ್ಲ ಅಂತ ನಿನಗ್ಯಾರು ಹೇಳಿದ್ರು? ಬೆಚ್ಚನ ನೀರು ಹಾಕು. ನಿಮ್ಮವ್ವನ ಮೈ ಅಂತ ತಿಳಕೊಂಡು ಹಾಕು."

ನನಗೆ ಆಗ ಹದಿನೇಳು. ಆಟವೆಂದು ಗೊತ್ತಿದ್ದರೂ ಭಯವಾಗುತ್ತಿತ್ತು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಮುಬೀನಾಗೆ ಮಾತ್ರ ಯಾವುದರ ಭಯವೂ ಇರಲಿಲ್ಲ. ಒಂದು ದಿನ ಅವಳು ಆಪಾರ ಅಂಗಾಲಿಗೆ ಕಚಗುಳಿ ಇಟ್ಟಳು. ತಡೆದು ತಡೆದು ಕೊನೆಗೆ ಆಪಾ ಹೊಟ್ಟೆ ಕುಣಿಸಿ ನಕ್ಕುಬಿಟ್ಟರು. "ಆಪಾ, ಮಯ್ಯತ್ ನಗಾಕತ್ತೈತ್ರಿ!" ಎಂದು ಮುಬೀನಾ ಕೂಗಿದ್ದಕ್ಕೆ ಇಡೀ ಓಣಿಗೆ ಕೇಳುವಷ್ಟು ನಗು.

ನಗು ಮುಗಿದ ಮೇಲೆ ಆಪಾ ಎದ್ದು ಕುಳಿತು ಸೆರಗು ಸರಿಪಡಿಸಿಕೊಂಡು ಕೊನೆಯ ಪಾಠ ಹೇಳುತ್ತಿದ್ದರು. ಅದರಲ್ಲಿ ತಮಾಷೆ ಇರುತ್ತಿರಲಿಲ್ಲ. "ತೊಳಿಯೋವಾಗ ಏನೇನೋ ಕಾಣ್ತೈತಿ. ಹುಣ್ಣು, ಗಾಯದ ಕಲಿ, ಹೆತ್ತ ಹೊಟ್ಟಿ. ಕಂಡದ್ದನ್ನ ಮುಚ್ಚಬೇಕು. ಹೊರಗ ಬಂದಮ್ಯಾಲೆ ಯಾರಾರ ಕೇಳಿದ್ರ, ಮಖದ ಮ್ಯಾಲೆ ನೂರ್ ಇತ್ತು ಅನ್ನಬೇಕು. ಸತ್ತಾಕಿ ತನ್ನ ಮರ್ಯಾದಿ ತಾ ಕಾಯಾಕ ಆಗಂಗಿಲ್ಲ, ನೀವು ಕಾಯ್ಬೇಕು." ನೂರ್ ಅಂದರೆ ಬೆಳಕು. ಈ ಪಾಠ ನಮಗೆಲ್ಲ ಬಾಯಿಪಾಠವಾಗಿತ್ತು.

ಆಪಾ ಹಡಗಲಿ ತಾಲ್ಲೂಕಿನ ಹೊಳಲಿನವರು. ಹೊಲದ ಕೆಲಸ, ಕನ್ನಡ ಶಾಲೆ, ಮನೆಯಲ್ಲಿ ಅಪ್ಪ ಕಲಿಸಿದ ಅರಬ್ಬಿ, ಇಷ್ಟು ಕಟ್ಟಿಕೊಂಡು ಮದುವೆಯಾಗಿ ಕೊಟ್ಟೂರಿಗೆ ಬಂದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಹೊಲಿಗೆ ಮಾಡುತ್ತ, ಹುಡುಗಿಯರಿಗೆ ಓದಿಸುತ್ತ ಬದುಕಿದರು. ಬೇರೆ ಕಡೆ ಮಕ್ಕಳು ಅರ್ಥ ತಿಳಿಯದೆ ಓದುತ್ತಿದ್ದ ಸಾಲುಗಳಿಗೆ ಆಪಾ ಅಚ್ಚ ಹೊಳಲಿನ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಕುಳ್ಳಗಿನ ಗಟ್ಟಿ ಹೆಂಗಸು. ಬೈದರೂ ನಮಗೆ ಸಿಟ್ಟು ಬರುತ್ತಿರಲಿಲ್ಲ.

ನಾನು ಪಿಯುಸಿ ಮುಗಿಸಿ ಮೂರ್ನಾಲ್ಕು ವರ್ಷ ಮನೆಯಲ್ಲೇ ಕುಳಿತಿದ್ದಾಗ ಅವರೇ ಬಂದರು. ಯಾವುದೋ ಹೈಸ್ಕೂಲಿನಲ್ಲಿ ದೀನಿ ಪಾಠ, ಅಂದರೆ ಧರ್ಮದ ಪಾಠ, ಹೇಳಲು ಟೀಚರ್ ಬೇಕಂತೆ, ಆದರೆ ಡಿಗ್ರಿ ಇರಬೇಕಂತೆ. ದೂರಶಿಕ್ಷಣದಲ್ಲಿ ಇಸ್ಲಾಮಿಕ್ ಅಧ್ಯಯನದ ಬಿ.ಎ. ಇದೆ ಎಂದು ಕೇಳಿಕೊಂಡು ಬಂದಿದ್ದರು. "ನನಗೊಬ್ಬಾಕಿಗೆ ಅಂಜಿಕಿ ಆಗತೈತಿ. ನೀನೂ ಕಟ್ಟು. ಇವತ್ತಿಂದ ನನ್ನ ಆಪಾ ಅನಬ್ಯಾಡ, ಕ್ಲಾಸ್‌ಮೇಟ್ ಅನ್ನು," ಎಂದರು. ನಲವತ್ತು ದಾಟಿದ ಹೆಂಗಸು ಮಗಳ ವಯಸ್ಸಿನ ನನ್ನ ಜೊತೆ ಬೆಂಚಿನ ಮೇಲೆ ಕುಳಿತು ಪೆನ್ನಿನ ಕ್ಯಾಪು ಕಚ್ಚುವುದನ್ನು ನೋಡಲು ನನಗೆ ತುಂಬ ಇಷ್ಟವಾಗುತ್ತಿತ್ತು.

ಚರಿತ್ರೆಯ ಊರುಗಳು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. "ನೋಡಲೇ, ಬಗ್ದಾದ್ ಅಂದ್ರ ನಮ್ಮ ಹೊಸಪ್ಯಾಟಿ, ದೊಡ್ಡದು, ಹೊಳಿ ಬಾಜೂಕ. ಕೂಫಾ ಅಂದ್ರ ಹಡಗಲಿ. ಬಸ್ರಾ ಹಗರಿಬೊಮ್ಮನಹಳ್ಳಿ. ಮದೀನಾಕ ಮಾತ್ರ ಯಾವೂರನ್ನೂ ಹೋಲಿಸಬ್ಯಾಡ." ನನಗೆ ಇವತ್ತಿಗೂ ಹಡಗಲಿ ಬಸ್ಸು ಹತ್ತುವಾಗ ಕೂಫಾ ನೆನಪಾಗುತ್ತದೆ.

ನಾವು ಎರಡನೇ ವರ್ಷದಲ್ಲಿದ್ದಾಗ ಮುಬೀನಾ ಸತ್ತಳು.

ಅವಳನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಗಂಡ ಗ್ಯಾರೇಜ್ ಇಟ್ಟಿದ್ದ. ಮೂರು ವರ್ಷದ ಮಗಳಿದ್ದಳು. ಬೆಳಿಗ್ಗೆ ಫೋನ್ ಬಂತು, ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಹೋದಳು ಎಂದು. ಅವಳ ತಾಯಿ ಹುಸೇನ್‌ಬಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸು. ಅವಳು ಭಟ್ಟಿಯಿಂದ ನೇರ ಆಪಾರ ಮನೆಗೆ ಓಡಿ ಬಂದಳು. ಮಗಳನ್ನು ನೋಡಲು ಹೋಗುವ ಮೊದಲು ಅವಳು ಬಂದದ್ದು ಆಪಾರ ಹತ್ತಿರ. "ಜುಬೇದಾ, ನೀನ ಬಾ. ನನ್ನ ಮಗಳನ್ನ ನೀನ ತೊಳೀಬೇಕು, ಬ್ಯಾರೇ ಯಾರೂ ಮುಟ್ಟಬಾರದು," ಎಂದು ಕೈ ಹಿಡಿದೆಳೆದಳು. ನಾನೂ ಸೇರಿ ಮೂವರೂ ಆಟೋ ಮಾಡಿಕೊಂಡು ಹೋದೆವು.

ಹರಪನಹಳ್ಳಿಯ ಆ ಮನೆಯಲ್ಲಿ ತೊಳೆಯಲು ಬೇರೊಬ್ಬಳನ್ನು ಕರೆಸಿ ಕೂಡಿಸಿದ್ದರು. ಹುಸೇನ್‌ಬಿ ಜಗಳ ತೆಗೆದು ಅವಳನ್ನು ಎಬ್ಬಿಸಿದಳು. ಹಿತ್ತಲಲ್ಲಿ ಪರದೆ ಕಟ್ಟಿದರು. ಒಳಗೆ ಆಪಾ ಮತ್ತು ಹುಸೇನ್‌ಬಿ. ನಾನು ಹೊರಗೆ ನಿಂತು ಬಿಸಿನೀರಿನ ಕೊಡ ಒಳಗೆ ಸರಿಸುತ್ತಿದ್ದೆ. ಆಪಾರ ಬಾಯಿಂದ ದುವಾದ ಪಿಸುಮಾತು, ನೀರಿನ ಸದ್ದು. ನಡುವೆ ಒಮ್ಮೆ ನೀರಿನ ಸದ್ದು ನಿಂತುಹೋಯಿತು. ಆಮೇಲೆ ಮತ್ತೆ ನೀರು ಬಿತ್ತು.

ಆಪಾ ಹೊರಗೆ ಬಂದಾಗ ಹೆಂಗಸರು ಮುತ್ತಿಕೊಂಡರು. ಆಪಾ ಯಾರ ಮುಖವನ್ನೂ ನೋಡದೆ, "ಮಖದ ಮ್ಯಾಲೆ ನೂರ್ ಇತ್ತು," ಎಂದರು. ಸಂಜೆಯೊಳಗೆ ದಫನ್ ಆಯಿತು.

ಅಲ್ಲಿಂದಾಚೆಗೆ ಆಪಾ ಆ ಬಾಗಿಲಿನ ಮೇಲೆ ಮಲಗಲಿಲ್ಲ. ಹುಡುಗಿಯರು ಕೇಳಿದರೆ ಸೊಂಟ ನೋವು ಎಂದರು. ಓದಿನಲ್ಲಿ ಮಾತ್ರ ಹಟ ಹೆಚ್ಚಾಯಿತು. ಹಿಂದೆ ಪರೀಕ್ಷೆಗೆ ಬೇಕಾದಷ್ಟು ಓದಿ ಮುಚ್ಚಿಡುತ್ತಿದ್ದವರು, ಈಗ ಮೈ ತೊಳೆಯುವ ಅಧ್ಯಾಯವೊಂದನ್ನೇ ತಿರುತಿರುಗಿ ಓದುತ್ತಿದ್ದರು. ಇಷ್ಟು ವರ್ಷ ಮಾಡಿದ ಕೆಲಸವನ್ನು ಯಾಕೆ ಇಷ್ಟು ಓದುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ಕೊನೆಯ ವರ್ಷದ ಸಂಪರ್ಕ ತರಗತಿ ಹೊಸಪೇಟೆಯಲ್ಲಿ ನಡೆಯಿತು. ಪಾಠ ಮಾಡಿದವರು ವಯಸ್ಸಾದ ಸಮಾಧಾನದ ಮೇಷ್ಟ್ರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಆಪಾ ಎದ್ದು ನಿಂತರು. ತರಗತಿಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

"ಸರ್, ತೊಳದಾಕಿ ಕಂಡದ್ದನ್ನ ಮುಚ್ಚಬೇಕು ಅಂತಾರ. ಎಲ್ಲಾನೂ ಮುಚ್ಚಬೇಕೇನ್ರಿ?"

ಮೇಷ್ಟ್ರು ಕನ್ನಡಕ ತೆಗೆದರು. "ಸತ್ತವರ ಐಬು ಮುಚ್ಚಬೇಕಮ್ಮ. ಸತ್ತವರ ಮೇಲೆ ಯಾರಾದರೂ ಕೈ ಮಾಡಿದ ಗುರುತು ಕಂಡರೆ ಅದು ಸತ್ತವರ ಐಬಲ್ಲ, ಮಾಡಿದವನ ಐಬು. ಅದನ್ನು ಹೇಳಲೇಬೇಕು. ಅಲ್ಲಿ ಮುಚ್ಚಿದರೆ ಸತ್ತವರ ಹಕ್ಕು ಕಿತ್ತುಕೊಂಡ ಹಾಗೆ."

ಆಪಾ ಕುಳಿತುಕೊಳ್ಳಲಿಲ್ಲ. ಮೇಷ್ಟ್ರು ಮುಂದಿನ ಪಾಠಕ್ಕೆ ಹೋದರೂ ನಿಂತೇ ಇದ್ದರು. ನಾನು ಕೈ ಹಿಡಿದು ಕೂರಿಸಿದೆ.

ಹರಿಹರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ, ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ, ನನಗೆ ಹೇಳಿದರು. ಮುಬೀನಾಳ ಕುತ್ತಿಗೆಯ ಎರಡೂ ಬದಿಗೆ ಬೆರಳಿನ ಗುರುತುಗಳಿದ್ದವಂತೆ. ತಲೆಯಲ್ಲಿ ಪೆಟ್ಟಿನ ಸುಳಿವೇ ಇರಲಿಲ್ಲವಂತೆ. ಬಾಯಿ ತೆರೆಯದಂತೆ ಗದ್ದಕ್ಕೆ ಕಟ್ಟುವ ಬಟ್ಟೆಯನ್ನು ಆಪಾ ಕೆಳಗೆ ಸರಿಸಿ ಕಟ್ಟಿ, ಅದರ ಮೇಲೆ ತಲೆವಸ್ತ್ರವನ್ನು ಎದೆಯತನಕ ಎಳೆದು ಆ ಗುರುತು ಮುಚ್ಚಿದ್ದರು.

"ಅಂಜಿ ಮುಚ್ಚಿದ್ರ ಅಂಜಿದೆ ಅಂತ ಅಳತಿದ್ದೆ," ಎಂದರು. "ನಾ ಅಂಜಿಲ್ಲ ನಸೀಮಾ. ಸವಾಬ್ ಬರ್ತೈತಿ, ಪುಣ್ಯದ ಕೆಲಸ ಅಂತ ಮುಚ್ಚೀನಿ. ಅದ ನನ್ನ ಸುಡಾಕತ್ತೈತಿ."

ಕೊಟ್ಟೂರಿನಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ಚೀಲ ಹೆಗಲಲ್ಲಿ ಇದ್ದಂತೆಯೇ ಭಟ್ಟಿಗೆ ನಡೆದರು. ಹುಸೇನ್‌ಬಿ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರ್ಪಡಿಸುತ್ತಿದ್ದಳು. ಆಪಾ ಅವಳ ಮುಂದೆ ನೆಲಕ್ಕೆ ಕುಳಿತು, "ಹುಸೇನ್‌ಬೀ, ನಿನ್ನ ಮಗಳು ಜಾರಿ ಬಿದ್ದು ಸತ್ತಿಲ್ಲ. ನಾ ಕಂಡೀನಿ, ಕಂಡು ಮುಚ್ಚೀನಿ," ಎಂದರು.

ಹುಸೇನ್‌ಬಿ ಜರಡಿ ನಿಲ್ಲಿಸಲಿಲ್ಲ.

"ನನಗೂ ಕಂಡೈತಿ. ನೀರು ಹಾಕಿದಾಕಿ ನಾನಲ್ಲೇನು?" ಎಂದಳು. "ಮತ್ತ ನಿನ್ನ ಯಾಕ ಕರಕೊಂಡು ಹೋಗಿದ್ದೆ? ನಾ ಭಟ್ಟಿಯಾಗ ದುಡಿಯಾಕಿ, ನಾ ಬಾಯಿ ಬಡಕೊಂಡ್ರ ಯಾರು ಕೇಳ್ತಾರ? ನೀ ಓದಿದಾಕಿ. ನೀ ಹೇಳಿದ್ರ ನಾಕು ಮಂದಿ ನಿಲ್ತಾರ ಅಂತ ಕರಕೊಂಡು ಹೋದೆ. ನೀ ಬಟ್ಟಿ ಎಳದು ಮುಚ್ಚಿದಿ. ದೀನ್ ಹಂಗ ಹೇಳತೈತಿ ಅಂದ್ಕೊಂಡು ನಾನೂ ಸುಮ್ಮನಾದೆ."

ಈಗಲೂ ಹೇಳೋಣ, ನಾನೇ ಮುಂದೆ ನಿಲ್ಲುತ್ತೇನೆ ಎಂದು ಆಪಾ ಅವಳ ಕಾಲು ಹಿಡಿದರು. ಹುಸೇನ್‌ಬಿ ಕಾಲು ಹಿಂದಕ್ಕೆಳೆದುಕೊಂಡಳು. "ಮಮ್ಮಗಳು ಅವರ ಮನ್ಯಾಗ ಅದಾಳ. ಸೂಟಿಗೆ ಒಂದು ವಾರ ನನ್ನ ಹತ್ರ ಕಳಸ್ತಾರ. ಈಗ ಬಾಯಿ ಬಿಟ್ರ ಅದರ ಮಖಾನೂ ತೋರ್ಸಂಗಿಲ್ಲ. ಸತ್ತಾಕಿ ಸತ್ತಾಳ. ಇದ್ದಾಕೀನರ ನೋಡ್ತೀನಿ, ಬಿಡು."

ಆಪಾ ಬಿಡಲಿಲ್ಲ. ಒಬ್ಬರೇ ಹರಪನಹಳ್ಳಿಗೆ ಹೋದರು. ಮುಬೀನಾಳ ಗಂಡನ ದೊಡ್ಡಪ್ಪ ಹಿರಿಯರ ಮುಂದೆ ಕೇಳಿದ್ದು ಒಂದೇ ಮಾತು. "ಅವತ್ತು ಹೊರಗ ಬಂದು ನೂರ್ ಇತ್ತು ಅಂದಾಕಿ ನೀನ. ಅವತ್ತಿಂದು ಖರೇನೋ, ಇವತ್ತಿಂದು ಖರೇನೋ?" ಆಪಾ ಎರಡೂ ಮಾತು ತಮ್ಮದೇ ಎಂದು ಒಪ್ಪಿಕೊಂಡು ನಿಂತರು. ಠಾಣೆಗೂ ಹೋದರು. ಪೊಲೀಸರು ಬರೆದುಕೊಂಡರು, ತಾಯಿಯನ್ನು ಕರೆದು ಕೇಳಿದರು. ಹುಸೇನ್‌ಬಿ ನನಗೇನೂ ಗೊತ್ತಿಲ್ಲ ಎಂದಳು. ಅಲ್ಲಿಗೆ ಎಲ್ಲ ಮುಗಿಯಿತು. ನನಗೆ ಈಗಲೂ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುವುದಿಲ್ಲ. ಆ ಗ್ಯಾರೇಜಿನವನ ಮೇಲೆ ಇರುವ ಸಿಟ್ಟು ಸಾಲುವುದಿಲ್ಲ, ಉಳಿದದ್ದನ್ನು ಎಲ್ಲಿ ಇಡಲಿ?

ಆಪಾ ಕೊನೆಯ ಪರೀಕ್ಷೆಗೆ ಕೂರಲಿಲ್ಲ. ಹೊಲಿಗೆ ಮಿಷನ್ನು ಮಾರಿ, ಹುಡುಗಿಯರನ್ನು ನನಗೆ ಒಪ್ಪಿಸಿ, ಹೊಳಲಿಗೆ ತಮ್ಮನ ಮನೆಗೆ ಹೋದರು.

ನಾನು ಪಾಸಾದೆ. ಅವರ ಪಡಸಾಲೆಯನ್ನೇ ಬಾಡಿಗೆಗೆ ಹಿಡಿದು ಪಾಠ ಮುಂದುವರಿಸಿದೆ. ಒಂದು ಬೇಸಿಗೆ ಸೂಟಿಯಲ್ಲಿ ಹುಸೇನ್‌ಬಿ ಮಮ್ಮಗಳನ್ನು ತಂದು ಬಿಟ್ಟಳು. ಏಳು ವರ್ಷದ ಹುಡುಗಿ, ತಾಯಿಯದೇ ಕಣ್ಣು. ಎರಡು ವಾರದ ಪಾಠ ಮೂರು ದಿನಕ್ಕೆ ಒಪ್ಪಿಸುತ್ತಿದ್ದಳು. ಆ ಸೂಟಿ ಮುಗಿದ ಮೇಲೆ ನಾನು ಹೊಳಲಿಗೆ ಹೋದೆ. ಆಪಾರನ್ನು ವಾಪಸು ಕರೆತರಬೇಕೆಂದಿತ್ತು.

ಹಿತ್ತಲಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದರು. ಅರ್ಧ ಇಳಿದುಹೋಗಿದ್ದರು. ನನ್ನ ಡಿಗ್ರಿಯ ಮಾತು ಕೇಳಿ ಹಿಗ್ಗಿ ತಲೆ ಸವರಿದರು. ಬರ್ರಿ ಆಪಾ, ಪಾಠಕ್ಕೆ ನೀವೇ ಬೇಕು ಎಂದೆ. "ನನ್ನ ಪಾಠ ಕೇಳಿದಾಕಿ ಮಣ್ಣಾಗ ಅದಾಳ. ಸಾಕು," ಎಂದರು. ಆಮೇಲೆ, "ಮುಬೀನಾನ ಮಗಳು ಬಂದಿದ್ಲಂತಲ್ಲ. ಏನಂತಾಳ?" ಎಂದು ಕೇಳಿದರು.

"ಶ್ಯಾಣ್ಯಾಕಿ ಅದಾಳ್ರಿ. ಲಗೂನ ಕಲೀತಾಳ."

"ಅವ್ವನ ಮಾತು?"

ನಾನು ಶೇಂಗಾ ಕೈಗೆತ್ತಿಕೊಂಡೆ. ಆಪಾ ನನ್ನ ಕೈ ಹಿಡಿದು ನಿಲ್ಲಿಸಿದರು. "ಮುಚ್ಚಬ್ಯಾಡ ನಸೀಮಾ. ಹೇಳು."

ಹೇಳಿದೆ. ನಿಮ್ಮವ್ವನ ನೆನಪೈತೇನು ಎಂದು ನಾನು ಕೇಳಿದ್ದಕ್ಕೆ ಆ ಹುಡುಗಿ ಪಾಠ ಒಪ್ಪಿಸಿದ ಹಾಗೆಯೇ ಒಪ್ಪಿಸಿದ್ದಳು. ಅವ್ವ ಬಚ್ಚಲದಾಗ ಜಾರಿ ಬಿದ್ಲು. ಕೊಟ್ಟೂರಿನ ಜುಬೇದಾ ಆಪಾನೇ ತೊಳದಾರ. ಏನಾರ ಇದ್ದಿದ್ರ ಅವರು ಹೇಳ್ತಿದ್ರು, ಅಂತ ಅಬ್ಬಾ ಹೇಳ್ಯಾನ.

ಆಪಾ ಮುಂದಿದ್ದ ಶೇಂಗಾ ಎಲ್ಲ ಬಿಡಿಸಿ ಮುಗಿಸಿದರು. ನಾನು ಹೊರಡುವಾಗ ಬಾಗಿಲತನಕ ಬಂದು, "ಆ ಕೂಸು ತಿಳಿಯೋವಷ್ಟು ದೊಡ್ಡದಾದಾಗ ಹೇಳು, ಜುಬೇದಾ ಸುಳ್ಳು ಹೇಳ್ಯಾಳ ಅಂತ. ನನ್ನ ಹೆಸರು ಹಿಡದ ಹೇಳು. ನಾ ಸತ್ತಿದ್ರೂ ಹೇಳು, ಸತ್ತಾಕಿ ಅಂತ ನನ್ನ ಮರ್ಯಾದಿ ಕಾಯಬ್ಯಾಡ," ಎಂದರು. ಆಗಲಿ ಎಂದೆ.

ಅದೇ ವರ್ಷ ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂತು. ನಾನು ಹೊಳಲು ಮುಟ್ಟುವಷ್ಟರಲ್ಲಿ ದಫನ್ ಆಗಿತ್ತು.

ಹುಡುಗಿಗೆ ಈಗ ಒಂಬತ್ತು. ಪ್ರತಿ ಸೂಟಿಗೂ ಬರುತ್ತಾಳೆ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಮೊನ್ನೆ ಪಾಠ ಬಿಟ್ಟ ಮೇಲೂ ಏಳದೆ ಕುಳಿತಿದ್ದಳು. ಏನು ಎಂದು ಕೇಳಿದೆ. "ಜುಬೇದಾ ಆಪಾ ಹೆಂಗಿದ್ರು ಹೇಳ್ರಿ. ನಮ್ಮವ್ವನ್ನ ಕಡೀಕ ನೋಡಿದವರು ಅವರಲ್ಲೇನ್ರಿ?" ಎಂದಳು.

ಬಹಳ ಒಳ್ಳೆಯವರಿದ್ದರು ಎಂದು ಹೇಳಿ ಮನೆಗೆ ಕಳಿಸಿದೆ.