ಹೊಗಳಿಕೆಯ ಪಾದ್ರಿ ಸಾಹೇಬರು

ರೆವರೆಂಡ್ ದಾನಿಯೇಲಪ್ಪ ಕಡೇಮನಿಯವರಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ ಎಂದರೆ ಯಾರೂ ತಪ್ಪು ತಿಳಿಯಬಾರದು. ಅವರು ಒಬ್ಬರನ್ನೂ ಬೈದವರಲ್ಲ. ಅವರಿಗಿದ್ದ ಚಟ ಹೊಗಳುವುದು. ಕಂಡದ್ದನ್ನೆಲ್ಲ ಹೊಗಳುತ್ತಿದ್ದರು. ನಾನು ಬಾರಿಸುವ ಪೇಟಿಯನ್ನೂ ಬಿಟ್ಟವರಲ್ಲ. ಆ ಹಾರ್ಮೋನಿಯಂನಲ್ಲಿ ಎರಡು ಸ್ವರ ಹೊರಡುತ್ತಲೇ ಇರಲಿಲ್ಲ, ಇನ್ನೊಂದು ಹೊರಟರೆ ನಿಲ್ಲುತ್ತಿರಲಿಲ್ಲ. ಆದರೂ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ, "ಅಕ್ಕೋರ, ಇವತ್ತ ಭಾಳ ಚಂದ ಬಾರಿಸಿದ್ರಿ" ಅನ್ನುವರು. ನನಗೆ ಮೈ ಉರಿಯುತ್ತಿತ್ತು. ನಿಜ ಗೊತ್ತಿದ್ದವರಿಗೆ ಇಂಥ ಮಾತು ಹಿತವಾಗುವುದಿಲ್ಲ.

ನಾನು ಆಗ ಸಂಶಿಯ ಶಾಲೆಯೊಂದರಲ್ಲಿ ಶಿಕ್ಷಕಿ, ಹಾಗಾಗಿ ಊರಿಗೆಲ್ಲ ಅಕ್ಕೋರು. ನಮ್ಮ ಮೆಥೋಡಿಸ್ಟ್ ಸಭೆ ಎಂದರೆ ಇಪ್ಪತ್ತೆರಡು ಮನೆ, ಹಂಚು ಹೊದಿಸಿದ ಒಂದು ದೇವಾಲಯ, ಅಂಗಳದಲ್ಲಿ ಒಂದು ಬೇವಿನ ಮರ, ಒಂದು ಬಾವಿ. ಬಾವಿಯ ನೀರು ಸವಳು. ಬೇವಿನ ಮರ ಹಟಕ್ಕೆ ಬಿದ್ದು ಬದುಕಿತ್ತೇ ಹೊರತು ಆ ನೀರಿಗೆ ಬೇರೆ ಒಂದು ಗಿಡವೂ ಹತ್ತುತ್ತಿರಲಿಲ್ಲ.

ಕಡೇಮನಿಯವರು ಬಂದದ್ದು ಎಪ್ಪತ್ಮೂರನೆಯ ಇಸವಿಯ ಜೂನ್‌ನಲ್ಲಿ. ಹೆಂಡತಿ, ಎರಡು ಟ್ರಂಕು, ಒಂದು ಸೈಕಲ್ಲು, ಡಬ್ಬಿಗಳಲ್ಲಿ ಹನ್ನೊಂದು ಗಿಡ. ಮಳೆ ಇರುವತನಕ ಗಿಡಗಳು ನಕ್ಕೊಂಡಿದ್ದವು. ಮಳೆ ನಿಂತು ಬಾವಿ ನೀರೇ ಗತಿಯಾದ ಮೇಲೆ ಒಂದೊಂದಾಗಿ ಹನ್ನೊಂದೂ ಹೋದವು. ಮನುಷ್ಯ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ಸೈಕಲ್ ಹತ್ತಿ ಊರಿನ ಹಿತ್ತಲುಗಳನ್ನು ನೋಡಲು ಹೊರಟರು. ತಮ್ಮ ಹಿತ್ತಲು ಇಲ್ಲವಾದ ಮೇಲೆ ಊರವರ ಹಿತ್ತಲುಗಳನ್ನೆಲ್ಲ ತಮ್ಮವೇ ಎಂದು ತಿಳಿದವರ ಹಾಗೆ.

ಗಿಡದ ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು. ತಂದೆ ಬೆಳಗಾವಿ ಕಡೆ ಒಂದು ಮಿಷನ್ ಬಂಗಲೆಯಲ್ಲಿ ಮಾಲಿಯಾಗಿದ್ದರಂತೆ. ತಾಯಿ ಬೇಗ ತೀರಿಕೊಂಡರು. ಆರನೆಯ ವಯಸ್ಸಿಗೆ ಬೋರ್ಡಿಂಗ್ ಸೇರಿದ ಮಗ ರಜೆಯಲ್ಲಿ ಮಾತ್ರ ತಂದೆಯ ಹಿಂದೆ ನೀರಿನ ಝಾರಿ ಹಿಡಿದು ತಿರುಗಿದ್ದು. ಒಂದು ದಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಹೇಳಿದರು.

"ನನಗ ದೀಕ್ಷೆ ಆದ ದಿನ ನಮ್ಮಪ್ಪ ಬಂದಿದ್ದ ಅಕ್ಕೋರ. ಅಷ್ಟು ಮಂದಿ ಮುಂದ ನನ್ನ ನೋಡಿ, 'ಅಂಥಾ ದೊಡ್ಡ ಪಾದ್ರಿ ಏನೂ ಆಗಿಲ್ಲ ತಗೋ' ಅಂದ. ಮರುವರ್ಷ ತೀರ್ಕೊಂಡ. ಅದ ಅವ ನನಗ ಆಡಿದ ಕಡೀ ಮಾತು."

ನಗುತ್ತಲೇ ಹೇಳಿದರು. ಆದರೆ ಚಹಾ ಆರಿಹೋಗುವತನಕ ಕಪ್ಪು ಕೈಯಲ್ಲೇ ಇತ್ತು.

"ಅದಕ್ಕ, ಛಲೋ ಇದ್ದದ್ದು ಕಂಡ್ರ ಛಲೋ ಐತಿ ಅಂತ ನಾ ಹೇಳೇ ಹೇಳ್ತೀನಿ. ಹೇಳೂವರಿಲ್ಲದ ಮನಷ್ಯಾ ಹೆಂಗ ಒಣಗ್ತಾನ ಅನ್ನೂದು ನನಗ ಗೊತ್ತೈತಿ."

ಆಮೇಲೆ ಪೇಟಿಯ ವಿಷಯಕ್ಕೆ ನಾನು ಸಿಟ್ಟು ಮಾಡುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾದೀತು, ಕಡಿಮೆ ಮಾಡಿದೆ.

ಎಪ್ಪತ್ನಾಲ್ಕರ ವಸಂತ ಬಂತು. ಹೊಲಗಳಲ್ಲಿ ಜೋಳ ಕೊಯ್ದಾಗಿತ್ತು, ಬೇವು ಹೂವಿಗೆ ಬಂದಿತ್ತು. ಸಭೆಯಲ್ಲಿ ಈಸ್ಟರ್‌ಗೆ ಮೊದಲಿನ ಶ್ರಮೆಯ ದಿನಗಳು ನಡೆದಿದ್ದವು. ಬುಧವಾರ ಒಂದು ಮನೆ, ಶುಕ್ರವಾರ ಒಂದು ಮನೆ ಎಂದು ಪ್ರಾರ್ಥನೆ, ಶನಿವಾರ ಹಾಡಿನ ತಾಲೀಮು. ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಹಳ್ಳದ ದಂಡೆಯ ಈಚಲ ಗರಿ ಸಾಕು, ಅದರ ಚಿಂತೆ ಇರಲಿಲ್ಲ. ಚಿಂತೆ ಈಸ್ಟರ್‌ನ ಹೂವಿನದು. ಶುಭ ಶುಕ್ರವಾರ ಬೋಳಾಗಿ ನಿಂತ ಕಟ್ಟಿಗೆಯ ಶಿಲುಬೆಯನ್ನು ಈಸ್ಟರ್ ಬೆಳಿಗ್ಗೆ ಕಟ್ಟಿಗೆ ಕಾಣದ ಹಾಗೆ ಹೂವಿನಿಂದ ಮುಚ್ಚುವುದು ನಮ್ಮಲ್ಲಿ ರೂಢಿ. ವರ್ಷವೂ ಹುಬ್ಬಳ್ಳಿಯಿಂದ ಹೂವು ತರಿಸುತ್ತಿದ್ದೆವು. ಬಸ್ಸಿನಲ್ಲಿ ಮಂದಿಯ ಕಾಲಕೆಳಗೆ ಸಿಕ್ಕು ಅದು ಬರುವ ಹೊತ್ತಿಗೆ ಹೂವೋ ಪಲ್ಯವೋ ತಿಳಿಯುತ್ತಿರಲಿಲ್ಲ.

"ಈ ಸರ್ತಿ ನಮ್ಮ ಊರಿನ ಹೂವು. ಸೀತಾಬಾಯಿಯವರು ಮಲ್ಲಿಗಿ ಕೊಡ್ತೀನಿ ಅಂದಾರ" ಎಂದು ಪಾದ್ರಿ ಸಾಹೇಬರು ಸಭೆಯ ಮುಂದೆ ಹೇಳಿಬಿಟ್ಟರು.

ನಮಗೆ ನಂಬಿಕೆಯೇ ಬರಲಿಲ್ಲ. ಸೀತಾಬಾಯಿ ಕುಲಕರ್ಣಿಯವರು ತಮ್ಮ ಮನೆಯ ದೇವರನ್ನು ಬಿಟ್ಟರೆ ಇನ್ನೊಬ್ಬರಿಗೆ ಒಂದು ಎಸಳು ಕೊಟ್ಟವರಲ್ಲ. ಗಂಡ ಕೃಷ್ಣಾಜಿಯವರು ಪಡಸಾಲೆಯಲ್ಲಿ ಪೇಪರ್ ಓದಿಕೊಂಡು ಇರುವರು, ಹಿತ್ತಲು ಪೂರಾ ಬಾಯಿಯವರ ಕಾರಭಾರ. ಆ ಹಿತ್ತಲಿನ ಬಾಗಿಲು ಪಾದ್ರಿ ಸಾಹೇಬರಿಗೆ ತೆರೆದದ್ದು ಹೊಗಳಿಕೆಯಿಂದಲೇ. ಬೇಲಿಯ ಆಚೆ ಸೈಕಲ್ ನಿಲ್ಲಿಸಿ ತುಳಸಿಯನ್ನು ಹೊಗಳಿದರು, ಬಾಗಿಲು ತೆರೆಯಿತು. ಜನವರಿಯಲ್ಲಿ ಮಲ್ಲಿಗೆಯ ಕಂಟಿ ಸವರಲು ಹೇಳಿದರು. ಮಾರ್ಚಿನಲ್ಲಿ ಅದು ಮೊಗ್ಗು ಹಿಡಿದ ಪರಿ ನೋಡಿ ಬಾಯಿಯವರೇ ದಂಗಾದರು. ಪಾದ್ರಿ ಸಾಹೇಬರು ಅದರ ಮುಂದೆ ಕೈ ಜೋಡಿಸಿ ನಿಂತು, "ನನ್ನ ಜೀವಮಾನದಾಗ ಇಂಥಾ ಮಲ್ಲಿಗಿ ನೋಡಿಲ್ರಿ ಬಾಯಿಯವರ" ಎಂದರು. ಅದೇ ಸಂಜೆ ಅದೇ ಓಣಿಯ ನೀಲಕ್ಕನ ಕುಂಬಳ ಬಳ್ಳಿಗೂ ಮೆಹರುನಬಿಯ ನಿಂಬೆ ಗಿಡಕ್ಕೂ ಹೆಚ್ಚುಕಡಿಮೆ ಅದೇ ಮಾತು ಸಂದಿತು.

ಎರಡು ವಾರದೊಳಗೆ ಮಲ್ಲಿಗೆಯ ಎಲೆ ಹಳದಿ ತಿರುಗಿದವು. ಕುಂಬಳದ ಹೀಚುಗಳು ಉದುರಿದವು. ನಿಂಬೆಯ ಹೂವು ಗಿಡದ ಕೆಳಗೆ ಹಾಸಿಕೊಂಡು ಬಿದ್ದಿತು.

ಊರಿಗೆ ಇಷ್ಟು ಸಾಕಾಯಿತು. ನೀರಿಗೆ ಹೋದಲ್ಲಿ ಹೆಂಗಸರ ಬಾಯಲ್ಲಿ ಒಂದೇ ಮಾತು: ಪಾದ್ರಿ ಸಾಹೇಬರ ದೃಷ್ಟಿ ತಾಗಿತು. ನೀಲಕ್ಕ ಬಳ್ಳಿಗೆ ಹಳೆಯ ಚಪ್ಪಲಿ ಕಟ್ಟಿದಳು. ಮೆಹರುನಬಿ ನಿಂಬೆ ಗಿಡಕ್ಕೆ ಸುಣ್ಣದ ಬೊಟ್ಟಿಟ್ಟ ಕರಿ ಗಡಿಗೆ ಏರಿಸಿದಳು. ಸೀತಾಬಾಯಿ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಸೈಕಲ್ ಗಂಟೆ ಕೇಳಿದರೆ ಸಾಕು, ಓಣಿಯ ಕದಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಯಾಕೆಂದು ಅವರ ಮುಖಕ್ಕೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪೇ. ನಾಲ್ಕು ದಿನದಲ್ಲಿ ತಣ್ಣಗಾಗುತ್ತದೆ ಬಿಡು ಅಂದುಕೊಂಡಿದ್ದೆ.

ಗರಿಗಳ ಭಾನುವಾರಕ್ಕೆ ಎಂಟು ದಿನ ಮೊದಲು, ಶನಿವಾರದ ತಾಲೀಮು ಮುಗಿಸಿ ಪೇಟಿ ಮುಚ್ಚುತ್ತಿದ್ದೆ. ಕಡೇಮನಿಯವರು ಬಂದು ಬೆಂಚಿನ ತುದಿಗೆ ಕುಳಿತರು.

"ನಾ ಸಂಶಿ ಬಿಡ್ತೀನಿ ಅಕ್ಕೋರ. ಜಿಲ್ಲಾ ಮೇಲ್ವಿಚಾರಕರಿಗೆ ಪತ್ರ ಹಾಕೀನಿ. ಹಿತ್ತಲಕ್ಕ ಬಂದು ಜಾತಿ ಕೆಡಸಾಂವ ಅಂತ ಮಂದಿ ತಿಳದಾರ, ಕಾಣಸ್ತೈತಿ. ಊರಿಗಿ ಬ್ಯಾಡಾದ ಪಾದ್ರಿ ಇದ್ದೇನು ಮಾಡೂದು? ನಮ್ಮಪ್ಪ ಹೇಳಿದ್ದು ಖರೆ ಆತು."

ಆ ಮುಖ ನೋಡಿ ನನಗೆ ಸಂಕಟವಾಯಿತು. ಸಂಕಟವಾದಾಗ ನನಗೆ ಸಿಟ್ಟು ಬರುತ್ತದೆ.

"ಜಾತಿ ಅಲ್ರಿ, ನಿಮ್ಮ ಬಾಯಿ" ಎಂದೆ. ಚಪ್ಪಲಿ, ಗಡಿಗೆ, ಚಿಲಕ ಎಲ್ಲ ಬಿಡಿಸಿ ಹೇಳಿದೆ. ಅವರು ಬೋರ್ಡಿಂಗಿನಲ್ಲಿ ಬೆಳೆದವರು. ದೃಷ್ಟಿ ಎಂಬುದು ಹಳ್ಳಿಯ ಮೂಢತನ ಎಂದಷ್ಟೇ ಕೇಳಿದ್ದರು, ಒಂದು ಮನೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಕಂಡಿರಲಿಲ್ಲ. ನಾಳೆಯ ಆರಾಧನೆಯಲ್ಲಿ ಇದರ ವಿರುದ್ಧವೇ ಪ್ರಸಂಗ ಮಾಡುತ್ತೇನೆ ಎಂದು ಎದ್ದರು.

"ಮಾಡ್ರಿ. ನಮ್ಮ ಇಪ್ಪತ್ತೆರಡು ಮನಿಯಾಗ ಎಷ್ಟು ಕೂಸುಗಳಿಗಿ ಕರೀ ದಾರ ಐತಿ, ಮೊದಲ ಎಣಿಸಿಕೊಂಡು ಬರ್ರಿ."

ಕುಳಿತರು.

"ಹೆತ್ತ ತಾಯಿ ಕೂಸಿಗೆ ಚಂದ ಅಂತಾಳೇನ್ರಿ? ಕರೀ ಮುಸಡಿ ಅಂತಾಳ, ಮ್ಯಾಲೆ ಮುದ್ದು ಕೊಡ್ತಾಳ. ನೀವೂ ಹಂಗ ಮಾಡ್ರಿ. ಗಿಡಕ್ಕ ನಾಕು ಹೆಸರು ಇಡ್ರಿ, ತಪ್ಪು ತಗೀರಿ."

"ಇಲ್ಲದ ದೋಷ ಹೇಳಿದ್ರ ಸುಳ್ಳು ಸಾಕ್ಷಿ ಆಗ್ತೈತಿ ಅಕ್ಕೋರ. ಅದು ಆಜ್ಞಾ ಮೀರಿದಂಗ."

"ಹಂಗಾರ ಇದ್ದ ದೋಷ ಹುಡುಕ್ರಿ" ಎಂದೆ. ಆ ಮನುಷ್ಯ ಹತ್ತೂ ಆಜ್ಞೆಗಳನ್ನು ಬೆರಳು ಮಡಿಸಿ ಎಣಿಸಿ ನೋಡಿ, ಅಡ್ಡಿಯಿಲ್ಲ ಎಂದು ಒಪ್ಪಿದರು.

ಮರುದಿನ ಸಂಜೆ ಅವರನ್ನು ಸೀತಾಬಾಯಿಯವರ ಹಿತ್ತಲಿಗೆ ನಾನೇ ಕರೆದುಕೊಂಡು ಹೋದೆ. ನನ್ನ ದನಿಗೆ ಬಾಯಿಯವರು ಚಿಲಕ ತೆಗೆದರು, ಹಿಂದೆ ನಿಂತವರನ್ನು ಕಂಡು ಬಾಗಿಲು ಅಡ್ಡಗಟ್ಟಿದರು. ಪಾದ್ರಿ ಸಾಹೇಬರು ಅಲ್ಲಿಂದಲೇ ಗಿಡವನ್ನು ಬುಡದಿಂದ ತುದಿಯತನಕ ನೋಡಿದರು. ಹೊಗಳಿಕೆ ಅವರ ಗಂಟಲತನಕ ಬಂದು ಇಳಿದದ್ದು ನನಗೆ ಕಾಣಿಸಿತು.

"ಈ ಗಿಡ ಛಲೋ ಇಲ್ರಿ ಬಾಯಿಯವರ" ಎಂದರು. "ಎಲಿ ಹಳದಿ ಆಗ್ಯಾವ, ಬುಡದಾಗ ನೀರು ನಿಂತೈತಿ. ದಿನಾ ಎಷ್ಟು ಕೊಡ ಹಾಕ್ತೀರಿ?"

"ಮೊದಲ ಒಂದು ಹಾಕ್ತಿದ್ದೆ. ನೀವು ಅಷ್ಟು ಹೊಗಳಿ ಹೋದಮ್ಯಾಲೆ ಮೂರು."

ಪಾದ್ರಿ ಸಾಹೇಬರು ಹಣೆ ಬಡಿದುಕೊಂಡರು. "ಇದು ಎರೀ ಮಣ್ಣು ರೀ. ನೀರು ಕೆಳಗ ಇಳಿಯೂದಿಲ್ಲ. ಬೇರು ಕೊಳ್ಯಾಕ ಹತ್ಯಾವ."

ಬಾಯಿಯವರು ಬಾಗಿಲು ಬಿಟ್ಟು ಸರಿದರು. ಪಾದ್ರಿ ಸಾಹೇಬರು ಧೋತರ ಎತ್ತಿ ಕಟ್ಟಿ, ಬುಡ ಬಿಡಿಸಿ, ನೀರು ಹೋಗಲು ಕಾಲುವೆ ತೋಡಿದರು. ಆಮೇಲೆ ನೀಲಕ್ಕನನ್ನು ಕೇಳಿದರೆ, ಹೊಗಳಿದ ಮರುದಿನದಿಂದ ಬಳ್ಳಿಗೆ ಬುಟ್ಟಿಗಟ್ಟಲೆ ಗೊಬ್ಬರ ಸುರಿದಿದ್ದಳು. ಮೆಹರುನಬಿ ಹೂವು ಬಿಟ್ಟ ನಿಂಬೆಗೆ ಬೆಳಿಗ್ಗೆ ಸಂಜೆ ನೀರು ಕುಡಿಸಿದ್ದಳು. ಅಂದಮೇಲೆ ಊರವರು ಹೇಳಿದ್ದೂ ಪೂರಾ ಸುಳ್ಳಲ್ಲ. ಆ ಮೂರೂ ಗಿಡಗಳನ್ನು ಕೆಡಿಸಿದ್ದು ಹೊಗಳಿಕೆಯೇ. ಪಾದ್ರಿ ಸಾಹೇಬರು ಅದನ್ನು ಒಪ್ಪಿಕೊಂಡು ಮೂರೂ ಮನೆಯಲ್ಲಿ ತಪ್ಪಾಯಿತು ಎಂದು ಹೇಳಿ ಬಂದರು.

ಅವತ್ತಿನಿಂದ ಅವರ ವರಸೆಯೇ ಬದಲಾಯಿತು. ದಿನಕ್ಕೆ ನಾಲ್ಕು ಹಿತ್ತಲು, ಹಿತ್ತಲಿಗೆ ಒಂದು ಖರೆ ದೋಷ. ಬದನೆಗೆ ಹುಳು, ದಾಸವಾಳಕ್ಕೆ ಬಿಳಿ ಬೂಷ್ಟು, ನುಗ್ಗೆಗೆ ಸೊಕ್ಕು. ಹೆಂಗಸರಿಗೆ ಹಿಗ್ಗೋ ಹಿಗ್ಗು. "ನಮ್ಮ ಕರಿಬೇವಿಗಿ ಏನೂ ಅನ್ನದ ಹೋಗ್ಯಾರ್ರಿ" ಎಂದು ನೀಲಕ್ಕ ನನ್ನ ಮುಂದೆ ತಕರಾರು ಹೇಳಿದಳು.

ಈಸ್ಟರ್ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಸೀತಾಬಾಯಿ ಬುಟ್ಟಿ ಹೊತ್ತು ಬೇವಿನ ಮರದ ಕೆಳಗೆ ನಿಂತಿದ್ದರು. ಒಳಗೆ ಬರಲಿಲ್ಲ. ಬುಟ್ಟಿಯ ಮೇಲಿನ ಹಸಿ ಬಟ್ಟೆ ಸರಿಸಿ, "ಭಾಳ ಛಲೋ ಏನಿಲ್ರಿ, ಸಣ್ಣ ಸಣ್ಣ ಮೊಗ್ಗಿ ಅವ" ಎಂದರು. ಗಿಡದಲ್ಲಿ ಅರ್ಧ ಬದುಕಿತ್ತು, ಆ ಅರ್ಧದ ಹೂವೆಲ್ಲ ಆ ಬುಟ್ಟಿಯಲ್ಲಿತ್ತು.

"ಹೌದ್ರಿ, ಅಗದಿ ಸಣ್ಣವು" ಎಂದರು ಪಾದ್ರಿ ಸಾಹೇಬರು. ಬುಟ್ಟಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಒಳಗೆ ನಡೆದರು. ಶಿಲುಬೆಯ ಕಟ್ಟಿಗೆ ಒಂದು ಬೆರಳಷ್ಟೂ ಕಾಣಲಿಲ್ಲ. ನನ್ನ ಪೇಟಿಯ ಎರಡು ಸ್ವರ ಹೊರಡದ್ದು ಆ ದಿನ ಯಾರಿಗೂ ನೆನಪಾಗಲಿಲ್ಲ.

ಆದರೆ ಹಾಕಿದ ಪತ್ರ ಹಾಕಿದ್ದೇ. ಮುಂದಿನ ಭಾನುವಾರ ಮೇಲ್ವಿಚಾರಕರು ಬಂದಿಳಿದರು. ಕೋಲಾರದ ಕಡೆಯವರು, ಒಳ್ಳೆಯವರು, ಕೈಯಲ್ಲಿ ನೋಟ್‌ಬುಕ್ಕು. ಪಾದ್ರಿ ಸಾಹೇಬರು ಪತ್ರ ಹಿಂದೆಗೆದುಕೊಳ್ಳುತ್ತೇನೆ ಎಂದು ಕೈ ಮುಗಿದರು. "ಊರಿನವರಿಗೆ ಬೇಡವಾಗಿದ್ದೇನೆ ಅಂತ ನೀವೇ ಬರೆದಿದ್ದೀರಿ. ಊರಿನವರನ್ನೇ ಕೇಳಿ ತೀರ್ಮಾನ ಮಾಡ್ತೀನಿ. ಬೇಡ ಅಂದರೆ ಮೇ ತಿಂಗಳ ಸಮ್ಮೇಳನದಲ್ಲಿ ವರ್ಗ" ಎಂದರು ಅವರು. ಪತ್ರದಲ್ಲಿ ಸೀತಾಬಾಯಿಯವರ ಹೆಸರಿದ್ದುದರಿಂದ ಮೊದಲು ಅಲ್ಲಿಗೇ ಹೋದೆವು. ಪಾದ್ರಿ ಸಾಹೇಬರು ಸೈಕಲ್ ಹಿಡಿದು ಬೇಲಿಯ ಹೊರಗೆ ನಿಂತರು.

"ಕಡೇಮನಿಯವರ ಬಗ್ಗೆ ನಿಮ್ಮ ಅಭಿಪ್ರಾಯ ಏನಮ್ಮ?"

ಬಾಯಿಯವರು ಬಿಡಿಸುತ್ತಿದ್ದ ಹೂವನ್ನು ಮಡಿಲಿಗೆ ಹಾಕಿಕೊಂಡರು. "ಅಗದಿ ಸುಮಾರ ಮನಷ್ಯಾರಿ. ಹಾಡ್ಲಿಕ್ಕೆ ಬರೂದಿಲ್ಲ. ಸೈಕಲ್ ಸೊಟ್ಟ ಹೊಡೀತಾರ. ಮಂದಿ ಹಿತ್ತಲದಾಗ ಹೊಕ್ಕು ಕೆಸರು ಮಾಡ್ತಾರ."

ಮೇಲ್ವಿಚಾರಕರು ಒಂದೊಂದನ್ನೂ ಬರೆದುಕೊಂಡರು. ಕೋಲಾರದವರಿಗೆ ಬಾಯಿಯವರ ಈ ಮಾತು ಹೇಗೆ ತಿಳಿಯಬೇಕು?

"ಹಾಗಾದರೆ ಇವರನ್ನು ಬೇರೆ ಊರಿಗೆ ಕಳಿಸಿದರೆ ನಿಮ್ಮ ಅಭ್ಯಂತರ ಇಲ್ಲ."

"ಅಭ್ಯಂತರ ಅದ ರೀ" ಎಂದರು ಸೀತಾಬಾಯಿ. "ಇಂಥಾ ಸುಮಾರ ಮನಷ್ಯಾನ್ನ ಒಯ್ದು ಮತ್ತೊಂದು ಊರಿನವರ ಕೊಳ್ಳಿಗಿ ಕಟ್ಟೂದು ನ್ಯಾಯ ಅಲ್ಲ. ನಮ್ಮಲ್ಲೇ ಇರ್ಲಿ. ನಾವ ತಾಳ್ಕೋತೀವಿ."

ಇಷ್ಟು ಹೇಳಿ, ಬೇಲಿಯ ಆಚೆ ನಿಂತವರ ಕಡೆ ಎರಡೂ ಕೈ ನೀವಾಳಿಸಿ, ತಮ್ಮ ಕಪಾಳದ ಹತ್ತಿರ ಬೆರಳುಗಳನ್ನು ತಂದು ಲಟಲಟನೆ ಲಟಿಕೆ ಮುರಿದರು. ಮೇಲ್ವಿಚಾರಕರ ಪೆನ್ನು ನಿಂತಿತು. ಕೋಲಾರದಲ್ಲಿಯೂ ತಾಯಂದಿರು ಇದ್ದಾರಲ್ಲ. ನೋಟ್‌ಬುಕ್ಕಿನ ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡು, "ಇರಲಿ ಬಿಡಿ" ಎಂದರು.

ಅವರನ್ನು ಬಸ್ಸಿಗೆ ಹತ್ತಿಸಿ ತಿರುಗಿ ಬರುವಾಗ ಪಾದ್ರಿ ಸಾಹೇಬರು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನಡೆದರು. ಬೇವಿನ ಮರದ ಹತ್ತಿರ ನಿಂತುಬಿಟ್ಟರು.

"ಅಕ್ಕೋರ, ಬಾಯಿಯವರು ಈಗ ಕೈ ಮಾಡಿದರಲ್ಲ, ಬೆರಳು ಮುರದು..."

"ಹೂಂ ರೀ. ದೃಷ್ಟಿ ತಗದ್ರು."

"ನಮ್ಮಪ್ಪನೂ ಹಂಗ ಮಾಡಿದ್ದ. ದೀಕ್ಷೆ ದಿನ. ಎಲ್ಲಾರೂ ನನ್ನ ಹೊಗಳಾಕ ಹತ್ತಿದ್ರು. ಅವ ಬಂದು ಅಂಥಾ ದೊಡ್ಡ ಪಾದ್ರಿ ಏನೂ ಆಗಿಲ್ಲ ಅಂದ, ಅಂದು ಹಿಂಗ ಬೆರಳು ಮುರದ. ಮುದುಕನ ಕೈ, ಕೆಲಸಾ ಮಾಡಿ ಮಾಡಿ ಹಿಡದಿರಬೇಕು ಅಂದ್ಕೊಂಡಿದ್ದೆ." ಮತ್ತೆ, "ಹದಿನೇಳು ವರ್ಷ ಹಂಗ ಅಂದ್ಕೊಂಡಿದ್ದೆ ಅಕ್ಕೋರ" ಎಂದರು.

ಅತ್ತರು. ಮುಚ್ಚಿಡಲಿಲ್ಲ. ನಾನೂ ಅತ್ತೆ, ಸೆರಗಿನಿಂದ ಕಣ್ಣು ಒರೆಸಿಕೊಂಡು ಅವರ ಸೈಕಲ್ ಹಿಡಿದು ನಿಂತೆ. ಆಮೇಲೆ ಇಬ್ಬರೂ ಒಳಗೆ ಹೋಗಿ ಒಣಗಿದ ಹೂವನ್ನು ಶಿಲುಬೆಯಿಂದ ಬಿಡಿಸಿದೆವು.

ಅವರು ಸಂಶಿಯಲ್ಲಿ ಇನ್ನೂ ಐದು ವರ್ಷ ಇದ್ದರು. ಮೇಲ್ವಿಚಾರಕರು ಬಂದುಹೋದ ಮರುವಾರ, ಭಾನುವಾರದ ಆರಾಧನೆ ಮುಗಿದ ಮೇಲೆ ಎಂದಿನಂತೆ ಪೇಟಿಯ ಹತ್ತಿರ ಬಂದು ನಿಂತರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಅಕ್ಕೋರ, ಇವತ್ತ ಅಗದಿ ಸುಮಾರ ಬಾರಿಸಿದ್ರಿ" ಎಂದು ಹೇಳಿ, ನನ್ನ ಕಡೆ ಕೈ ಚಾಚಿ, ಬೆರಳು ಮುರಿಯಲು ನೋಡಿದರು. ರೂಢಿ ಇಲ್ಲದ ಕೈ, ಒಂದೇ ಬೆರಳು ಲಟಕ್ ಎಂದಿತು. ನನಗೆ ಅಷ್ಟೇ ಸಾಕಾಗಿತ್ತು.