ಎರಡು ಸೆರಗಿನ ಸೀರೆ

ಸೀರೆಗೆ ಒಂದೇ ಸೆರಗು. ಮೊಳಕಾಲ್ಮೂರಿನಲ್ಲಿ ಮಗ್ಗವಿರುವ ಮನೆಯ ಮಕ್ಕಳಿಗೂ ಇದು ಗೊತ್ತು. ಹೋದ ವರ್ಷ ನಮ್ಮ ಮನೆಯವರು ಮಗ್ಗದಿಂದ ಇಳಿಸಿದ ಸೀರೆಯೊಂದನ್ನು ಬಿಚ್ಚಿ ಹಿಡಿದೆ. ಈ ತುದಿಗೂ ಸೆರಗು, ಆ ತುದಿಗೂ ಸೆರಗು.

"ಏನ್ರೀ ಇದು, ಎರಡೂ ಹೆಗಲಿಗೆ ಹೊದ್ಕೊಳ್ಳಾಕಾ?" ಎಂದು ನಕ್ಕೆ.

ಅವರು ನಗಲಿಲ್ಲ.

ನೇಯ್ದ ಬಟ್ಟೆ ಮರದ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಮೊದಲು ನೇಯ್ದದ್ದು ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ನೇಕಾರನೇ ಅದನ್ನು ನೆನಪಿಟ್ಟುಕೊಳ್ಳಬೇಕು.

"ಮೊದ್ಲೇ ಸೆರಗು ನೇಯ್ದಿದ್ನಾ ನಾನು?" ಎಂದು ಕೇಳಿದರು. ದನಿಯಲ್ಲಿ ಭಯವಿತ್ತು. ನನಗೂ ಭಯವಾಯಿತು.

ಚಳ್ಳಕೆರೆಯ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿಸಿದರು, ಏನೇನೋ ಪ್ರಶ್ನೆ ಕೇಳಿದರು. ಡಿಮೆನ್ಶಿಯಾ ಶುರುವಾಗಿದೆ, ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ ಎಂದರು.

ನಾನು ಜಗಳಕ್ಕೇ ನಿಂತೆ. "ಮದುವೆಯಾದ ಹೊಸ್ತರಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ನನ್ ಚಪ್ಲಿ ಕಿತ್ತೋಗಿದ್ದು ಇವರಿಗೆ ನೆನಪೈತೆ. ಅದೆಂಥಾ ಮರೆವು?"

ಹಳೆಯದು ಮಿದುಳಿನಲ್ಲಿ ಗಟ್ಟಿಯಾಗಿ ಕೂತಿದೆ, ಹೊಸದು ಮಾತ್ರ ನಿಲ್ಲುತ್ತಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೈಗೆ ಪಳಗಿದ ಕೆಲಸದ ನೆನಪಿನ ಜಾಗವೇ ಬೇರೆಯಂತೆ. ಅದು ಹೋಗುವುದು ನಿಧಾನವಂತೆ.

"ಹಂಗಾದ್ರೆ ಮಗ್ಗ?" ಎಂದೆ. ಮಗ್ಗ ಬಿಡಿಸಿದರೆ ಇವರು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಕೂರಲಿ ಅಮ್ಮ. ಎಲ್ಲಿವರೆಗೆ ಬಂದಿದೆ ಅಂತ ಪಕ್ಕದಲ್ಲಿ ಯಾರಾದ್ರೂ ಹೇಳ್ತಿರಬೇಕು."

ಮದುವೆಯಾದಾಗಿನಿಂದ ನಾನು ನೂಲು ಸುತ್ತಿದವಳು, ಮಗ್ಗದ ಪಕ್ಕ ಕೂತವಳಲ್ಲ. ನೇಯುವಾಗ ಬಾಯಿ ಹಾಕಿದರೆ ಇವರು ಸಿಡುಕುತ್ತಿದ್ದರು. ಈಗ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಇವರ ಕೈಕಾಲು ತಪ್ಪುವುದಿಲ್ಲ, ಲಾಳಿ ಓಡುತ್ತದೆ. ಆದರೆ ಎದ್ದು ನಿಂತರೆ ಅಡುಗೆಮನೆ ಯಾವ ಕಡೆ ಎಂದು ಕೇಳುತ್ತಾರೆ. ಕಾಯಿಲೆಯ ಮೇಲಿನ ಸಿಟ್ಟನ್ನು ಇವರ ಮೇಲೆ ತೀರಿಸಿಕೊಂಡು, ಹಿತ್ತಿಲಿಗೆ ಹೋಗಿ ಅಳುತ್ತೇನೆ. ವಾಪಸ್ ಬರುವಷ್ಟರಲ್ಲಿ ಬೈಸಿಕೊಂಡದ್ದನ್ನೂ ಮರೆತು ಕಾಫಿ ಕೇಳುತ್ತಾರೆ.

ಹೋದ ವಾರ, "ಇನ್ನೊಂದು ಮೊಳ ಒಡಲು ನೇಯ್ರಿ," ಎಂದೆ. ಇವರು ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದರು.

"ಕೆಲ್ಸ ಚೆನ್ನಾಗಿ ಗೊತ್ತೈತೆ ಕಣವ್ವ ನಿಂಗೆ. ಯಾರ ಮನೆಯೋಳು?"



"ಇಲ್ಲೇ, ಪಕ್ಕದ ಬೀದಿಯೋಳು," ಎಂದೆ.

"ನಮ್ಮನೆಯಾಕಿನ್ನ ಮಾತಾಡಿಸ್ಕೊಂಡು ಹೋಗವ್ವ. ಬಾಯಿ ಸ್ವಲ್ಪ ಜೋರು. ಆದ್ರೆ ಅವಳಿಲ್ದಿದ್ರೆ ನಂಗೆ ಕೈಕಾಲೇ ಆಡಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತನ್ನು ಒಮ್ಮೆಯೂ ನನಗೆ ಹೇಳಿದವರಲ್ಲ.

"ಮಾತಾಡಿಸ್ತೀನಿ ಬಿಡ್ರಿ," ಎಂದೆ. ಇವರು ತಲೆಯಾಡಿಸಿ ಲಾಳಿ ಎಸೆದರು. ನಾನು ಕಣ್ಣೊರೆಸಿಕೊಂಡು, ಮುಂದಿನ ಬುಟ್ಟಾ ಎಲ್ಲಿ ಬರಬೇಕೆಂದು ತೋರಿಸಿದೆ.