ಮೊಲದ ಕಿವಿಗೆ ಬಜೆಟ್ ಇದೆ

ಹೋದ ತಿಂಗಳು ಟೋಕಿಯೋದ ಮಿನಾಟೋದಲ್ಲಿ, ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ಕೂತು, ದೊಡ್ಡ ದೊಡ್ಡ ಮನುಷ್ಯರು ಒಂದು ಮೊಲದ ಕಿವಿ ಎಷ್ಟುದ್ದ ಇರಬೇಕು ಅಂತ ಮಧ್ಯಾಹ್ನವಿಡೀ ಚರ್ಚಿಸಿದರು. ಸುಳ್ಳಲ್ಲ ಸ್ವಾಮಿ, ನಾನೂ ಅಲ್ಲೇ ಇದ್ದೆ.

ಹುಲ್ಲು ತಿನ್ನುವ ಮೊಲವಲ್ಲ, ಲಾಂಛನದ ಮೊಲ. ತಲೆಗೆ ಹೆಲ್ಮೆಟ್, ಒಂದು ಕೈಯಲ್ಲಿ ಸೆಲ್ಯೂಟ್, ಇನ್ನೊಂದರಲ್ಲಿ 'ಬೇಡ!' ಎನ್ನುವ ಫಲಕ. ಇಲ್ಲಿನ ಒಂದು ಸಮವಸ್ತ್ರದ ಪಡೆಯಲ್ಲಿ (ಹೆಸರು ಹೇಳಿದರೆ ನನ್ನ ವೀಸಾ ಹೋದೀತು) ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಒಂದು ಕಾರ್ಯಕ್ರಮ. ಅದಕ್ಕೆ ಪೋಸ್ಟರು, ಸೀಡಿ, ಮೊಲ, ಮತ್ತು ದೂರು ಕೊಡಲು ಒಂದು ಸಾಫ್ಟ್‌ವೇರ್. ಆ ಕೊನೆಯದ್ದು ನಮ್ಮ ಕಂಪನಿಯ ಪಾಲಿಗೆ ಬಂದಿತ್ತು.

ಇಸವಿ ಎರಡು ಸಾವಿರ ಆದ ತಕ್ಷಣ ಕಂಪ್ಯೂಟರುಗಳೆಲ್ಲ ಗೊಟಕ್ ಅನ್ನುತ್ತವೆ ಎಂದು ಹೆದರಿ ನಮ್ಮಂಥ ಬೆಂಗಳೂರು, ಮೈಸೂರಿನವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು. ಒಂದೂ ಗೊಟಕ್ ಅನ್ನಲಿಲ್ಲ. ಕರೆಸಿದವರನ್ನು ಸುಮ್ಮನೆ ಕೂರಿಸಲು ಆಗುತ್ತದೆಯೇ? ಸಿಕ್ಕ ಕೆಲಸಕ್ಕೆಲ್ಲ ಹಚ್ಚಿದರು.

ಈ ದೇಶದಲ್ಲಿ ಸಹಿ ನಡೆಯುವುದಿಲ್ಲ. ಹೆಸರು ಕೆತ್ತಿದ ಪುಟ್ಟ ಮುದ್ರೆ ಬೇಕು, ಅದಕ್ಕೆ ಹಾಂಕೋ ಅನ್ನುತ್ತಾರೆ. ರಜೆ ಬೇಕಾದರೂ ಪೆನ್ಸಿಲ್ ಬೇಕಾದರೂ ಮೊದಲು ನಿಮ್ಮ ಬಾಸ್ ಒತ್ತಬೇಕು, ಆಮೇಲೆ ಬಾಸಿನ ಬಾಸ್. ಸಾಫ್ಟ್‌ವೇರ್‌ನಲ್ಲೂ ಹಾಗೇ ಇರಲಿ ಎಂದರು ಪಡೆಯ ಅಧಿಕಾರಿ, ಮೊರಿತಾ ಸಾನ್ ಎಂಬ ಮಹಾಶಯರು (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ). ದೂರು ಮೊದಲು ಅದನ್ನು ಕೊಟ್ಟವಳ ನೇರ ಮೇಲಧಿಕಾರಿಗೆ ಹೋಗಬೇಕು. ಅವರು ಒತ್ತಿದರೆ ಮುಂದಕ್ಕೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಸುಮಿಮಾಸೆನ್, ದೂರು ಆ ಮೇಲಧಿಕಾರಿಯ ಮೇಲೇ ಇದ್ರೆ?" ಎಂದೆ. (ಸುಮಿಮಾಸೆನ್ ಅಂದರೆ 'ಕ್ಷಮಿಸಿ'.)

ಮೊರಿತಾ ಸಾನ್ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. "ಸೋರೆ ವಾ... ಚೊತ್ತೊ..." ಅಂದರು. ಅಂದರೆ, 'ಅದು ಸ್ವಲ್ಪ...' (ಇಲ್ಲಿ ವಾಕ್ಯ ಮುಗಿಯುವುದಿಲ್ಲ, ವಿಷಯ ಮುಗಿಯುತ್ತದೆ.) ಎಲ್ಲರೂ ಮತ್ತೆ ಕಿವಿಗೆ ಮರಳಿದರು.

ಟೀ ಬ್ರೇಕಿನಲ್ಲಿ, ಪಡೆಯ ಕಡೆಯಿಂದ ಟಿಪ್ಪಣಿ ಬರೆಯಲು ಬಂದಿದ್ದ ಯೂಕಿ ಸಾನ್ ನನ್ನ ಹಿಂದೆಯೇ ವಾಶ್‌ರೂಮಿಗೆ ಬಂದಳು. ಸಮವಸ್ತ್ರದ ಹುಡುಗಿ, ಇನ್ನೂ ಮುಖದಲ್ಲಿ ಕಾಲೇಜಿನ ಕಳೆ. ನಲ್ಲಿ ಜೋರಾಗಿ ಬಿಟ್ಟು, ತುಂಡು ಇಂಗ್ಲಿಷಿನಲ್ಲಿ ಹೇಳಿದಳು.

"ನಾನು ದೂರು ಕೊಡಬೇಕು. ಮೊದಲ ಮುದ್ರೆ ಮೊರಿತಾ ಸಾನ್ ಅವರದು."

"ಯಾರ ಮೇಲೆ ದೂರು?"

"ಮೊರಿತಾ ಸಾನ್ ಮೇಲೆ."

ನಾನು ಪಕ್ಕದ ನಲ್ಲಿಯನ್ನೂ ಜೋರಾಗಿ ಬಿಟ್ಟೆ. (ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲೇ ಎಂದು ಅವಳನ್ನು ಕೇಳಿಯೇ ಬರೆದೆ. "ಬರೀರಿ, ಇಲ್ಲಿ ಯಾರಿಗೂ ನಿಮ್ಮ ಭಾಷೆ ಬರಲ್ಲ" ಅಂದಳು.) ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತೇವಲ್ಲ, ಇಲ್ಲಿ ಮೇಯ್ದದ್ದಕ್ಕೆ ಬೇಲಿಯಿಂದಲೇ ರಸೀದಿ ತರಬೇಕಂತೆ!

ನಮ್ಮ ಮ್ಯಾನೇಜರ್ ಶ್ರೀಧರನನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ. ಯೂಕಿಯ ಹೆಸರೆತ್ತದೆ, ದೂರು ನೇರವಾಗಿ ಹೊರಗಿನ ಒಬ್ಬ ಮಹಿಳಾ ಲಾಯರಿಗೆ ಹೋಗುವ ದಾರಿಯೊಂದು ಇರಲಿ ಎಂದೆ.

"ಒಳ್ಳೇ ಐಡಿಯಾನೇ ಮೇಡಂ. ಆದ್ರೆ ಕಾಂಟ್ರಾಕ್ಟಿನ ಸ್ಕೋಪ್‌ನಲ್ಲಿಲ್ಲ, ಎಕ್ಸ್‌ಟ್ರಾ ಆಗತ್ತೆ. ಕೇಳ್ತೀನಿ ಇರಿ" ಅಂದ. ಪಾಪ, ಕೇಳಿಯೂ ಕೇಳಿದ.

ಮೊರಿತಾ ಸಾನ್ ತಲೆಬಾಗಿ ವಿಷಾದಿಸಿದರು. ಜನರ ತೆರಿಗೆ ಹಣ ನೋಡಿ, ಲಾಯರಿನ ಫೀಸು ಭರಿಸುವುದು ಕಷ್ಟವಂತೆ. ಮರು ಗಳಿಗೆಯಲ್ಲೇ, ಉದ್ಘಾಟನೆಯ ದಿನ ಹಿಂದಿನ ಸಾಲಿಗೂ ಕಾಣಲಿ ಎಂದು ಮೊಲದ ಕಿವಿಯನ್ನು ಉದ್ದ ಮಾಡಲು ಒಪ್ಪಿಗೆ ಸಿಕ್ಕಿತು. ಟಪ್, ಟಪ್, ಟಪ್. ಎಲ್ಲರ ಮುದ್ರೆಯೂ ಬಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಊರಲ್ಲಿ ಕಂಡಿದ್ದೆ, ಕಿವಿಗಾಗಿ ಹಟ ಹಿಡಿಯುವವರನ್ನು ಇಲ್ಲೇ ಕಂಡದ್ದು.

ಎಡೋಗಾವಾದ ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. "ಕ್ಲೈಂಟ್ ಜೊತೆ ಜಗಳ ಆಡ್ಬೇಡ ಕಣೇ" ಅಂದರು. ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ.

ಮೊನ್ನೆ ಕಾರ್ಯಕ್ರಮದ ಉದ್ಘಾಟನೆ. ನಮಗೂ ಆಹ್ವಾನವಿತ್ತು. ವೇದಿಕೆ, ಹೂವು, ಭಾಷಣ. ಯೂಕಿ ಸಾನ್ ಎಲ್ಲಿ ಎಂದು ಕಣ್ಣಾಡಿಸಿದೆ, ಕಾಣಲಿಲ್ಲ. ಅಷ್ಟರಲ್ಲಿ ಬ್ಯಾಂಡ್ ಬಾರಿಸಿ ಮೊಲ ಬಂತು. ಆಳೆತ್ತರದ ವೇಷ, ಬಾಗಿಲಿಗೆ ತಾಗುವ ಕಿವಿ. ಒಳಗಿದ್ದವರಿಗೆ ದಾರಿ ಕಾಣದೆ ನನ್ನ ಕುರ್ಚಿಗೆ ಡಿಕ್ಕಿಯಾಯಿತು.

"ಸುಮಿಮಾಸೆನ್" ಎಂದಿತು ಮೊಲ, ಸಣ್ಣ ದನಿಯಲ್ಲಿ.

ಆ ದನಿಯನ್ನು ನಲ್ಲಿಯ ನೀರಿನ ಸದ್ದಿನ ನಡುವೆ ಕೇಳಿದ್ದೆ. ಪಕ್ಕದಲ್ಲಿದ್ದವರನ್ನು ವಿಚಾರಿಸಿದೆ. ವೇಷಕ್ಕೆ ಸಣ್ಣ ಮೈಯವರೇ ಬೇಕಿತ್ತಂತೆ. ಮೊರಿತಾ ಸಾನ್ ಅವರೇ ಆರಿಸಿದರಂತೆ.

ಫೋಟೋಗ್ರಾಫರ್ ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದ. ಮೊರಿತಾ ಸಾನ್ ನಗುತ್ತಾ ಮೊಲದ ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡರು. ಮೊಲದ ಕೈಯಲ್ಲಿ 'ಬೇಡ!' ಎನ್ನುವ ಫಲಕ ಇದ್ದೇ ಇತ್ತು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ಹೊರಗೆ ಬಂದೆ.

ಇದಕ್ಕೂ ದೂರು ಕೊಡಬೇಕೆಂದರೆ, ಮೊಲ ಮೊದಲು ಯಾರ ಮುದ್ರೆ ಹಾಕಿಸಿಕೊಂಡು ಬರಬೇಕು ಹೇಳಿ?